ಮಾವನ ಪೈಪಿಗೆ ಹುಣಸೆ ಮರ

ಮಾವನ ಪೈಪಿನ ತಳ ಸುಟ್ಟು ತೂತಾಗಿತ್ತು. ಅವರು ನಮ್ಮಮ್ಮನ ಅಣ್ಣ, ಮಿಲಿಟರಿಯಿಂದ ರಿಟೈರ್ ಆದವರು. ಈಗ ಕೊರಟಗೆರೆ ಕಡೆ ಊರಲ್ಲಿ ತೋಟ ನೋಡಿಕೊಂಡಿದ್ದಾರೆ. ರಾತ್ರಿ ಊಟ ಆದಮೇಲೆ ಜಗಲಿ ಮೇಲೆ ಕೂತು ಒಂದು ಸಲ ಪೈಪು ಹಚ್ಚುವುದು ಅವರ ಮೂವತ್ತು ವರ್ಷದ ಅಭ್ಯಾಸ. ನಾನು ಹೋದ ದಿನ ಆ ತೂತಿಗೆ ನಲ್ಲಿಗೆ ಹಚ್ಚುವ ಎಂ-ಸೀಲ್ ಮೆತ್ತುತ್ತಾ ಕೂತಿದ್ದರು. ಕೈಯಿಂದ ಕಿತ್ತುಕೊಂಡೆ. ಆ ಅಂಟು ಕೆಂಡದ ಪಕ್ಕ ಕಾದರೆ ಅದರ ಹೊಗೆ ನೇರ ಬಾಯಿಗೆ ಬರುತ್ತದೆ ಅಲ್ವಾ?

"ಹಾಗಾದ್ರೆ ನೀನೇ ಒಂದು ಮಾಡ್ಕೊಡು ಅಳಿಯ. ಲೇತ್ ಇದೆ, ಡ್ರಿಲ್ ಇದೆ. ಮರದ ತುಂಡಿಗೆ ತೂತು ಕೊರೆಯೋದು ಏನು ಮಹಾ?" ಅಂದರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮರ ಎಷ್ಟೇ ಒಳ್ಳೇದಾದರೂ ಹೊಗೆಸೊಪ್ಪು ಒಳ್ಳೇದಾಗಲ್ಲ. ಬಾಯಿ ಕ್ಯಾನ್ಸರ್, ಗಂಟಲ ಕ್ಯಾನ್ಸರ್ ಪೈಪಿನಿಂದಲೂ ಬರುತ್ತವೆ. ನಾನೂ ಅತ್ತೆಯೂ ಇದನ್ನು ಅವರಿಗೆ ಹೇಳುತ್ತಲೇ ಇದ್ದೇವೆ, ಇನ್ನೂ ಹೇಳುತ್ತೇವೆ. ಆದರೆ ಸೇದುವುದನ್ನು ಬಿಡದ ಮನುಷ್ಯ ಎಂ-ಸೀಲ್ ಹೊಗೆಯನ್ನೂ ಯಾವುದೋ ಗೊತ್ತಿಲ್ಲದ ಮರದ ವಿಷವನ್ನೂ ಸೇರಿಸಿ ಸೇದುವುದು ಬೇಡ. ಅದಕ್ಕೇ ಒಪ್ಪಿಕೊಂಡೆ.

ತೂತು ಕೊರೆಯುವುದು ನಿಜಕ್ಕೂ ಒಂದು ದಿನದ ಕೆಲಸ. ಯಾವ ಮರಕ್ಕೆ ಕೊರೆಯಬೇಕು ಅನ್ನುವುದಕ್ಕೆ ಆರು ತಿಂಗಳು ಹಿಡಿಯಿತು.

ಅಂಗಡಿಯ ಪೈಪುಗಳು ಹೆಚ್ಚಾಗಿ ಬ್ರಯರ್ ಮರದವು. ಮಾವನ ಹಳೇದೂ ಅದೇ. ಮೆಡಿಟರೇನಿಯನ್ ಸಮುದ್ರದ ಸುತ್ತಿನ ದೇಶಗಳಲ್ಲಿ ಬೆಳೆಯುವ ಎರಿಕಾ ಅರ್ಬೋರಿಯಾ ಅನ್ನುವ ಪೊದೆ ಅದು. ಬೇರೂ ಕಾಂಡವೂ ಸೇರುವ ಕಡೆ ಒಂದು ದಪ್ಪ ಗಂಟು ಕಟ್ಟುತ್ತದೆ. ಅದನ್ನು ಅಗೆದು ತೆಗೆದು, ತುಂಡು ಮಾಡಿ, ಗಂಟೆಗಟ್ಟಲೆ ನೀರಲ್ಲಿ ಕುದಿಸಿ, ತಿಂಗಳುಗಟ್ಟಲೆ ನೆರಳಲ್ಲಿ ಒಣಗಿಸುತ್ತಾರೆ. ಫ್ರಾನ್ಸಿನ ಸೇಂಟ್ ಕ್ಲೋಡ್ ಊರು 19ನೇ ಶತಮಾನದ ನಡುವಿನಿಂದ ಇದಕ್ಕೇ ಹೆಸರುವಾಸಿ. ಬ್ರಯರ್ ಸುಲಭಕ್ಕೆ ಹೊತ್ತಿಕೊಳ್ಳಲ್ಲ, ಹೊಗೆಯ ತೇವವನ್ನು ಹೀರಿಕೊಳ್ಳುತ್ತದೆ. ಅದು ಸಿಗದ ಕಡೆ ಜನ ಚೆರ್ರಿ, ಪೇರ್, ಆಲಿವ್ ಮರಗಳಲ್ಲಿ ಮಾಡಿದ್ದಾರೆ. ಅಮೆರಿಕದ ಮಿಸೌರಿಯಲ್ಲಿ ಮೆಕ್ಕೆಜೋಳದ ದಿಂಡಿನಲ್ಲೇ ಮಾಡುತ್ತಾರೆ. ಎಲ್ಲರೂ ತಮ್ಮ ತೋಟದಲ್ಲಿ, ತಮಗೆ ಗೊತ್ತಿರುವ ಗಿಡಮರದಲ್ಲೇ ಹುಡುಕಿಕೊಂಡಿದ್ದಾರೆ ಅನ್ನುವುದು ನನಗೆ ಧೈರ್ಯ ಕೊಟ್ಟಿತು.

ಆದರೂ ಮೊದಲು ಕೈ ಹಾಕಿದ್ದು ತೋಟಕ್ಕಲ್ಲ, ಅಟ್ಟಕ್ಕೆ. ಅಜ್ಜಿಯ ಮಂಚದ ಮುರಿದ ಕಾಲು ಅಲ್ಲಿತ್ತು. ಬೀಟೆ ಮರ, ಐವತ್ತು ವರ್ಷ ಒಣಗಿದ್ದು. ಇದಕ್ಕಿಂತ ಒಳ್ಳೆ ಮರ ಎಲ್ಲಿ ಸಿಗುತ್ತದೆ ಅಂದುಕೊಂಡು ಲೇತಿಗೆ ಕಟ್ಟಿದೆ. ಉಳಿ ತಾಗಿದ ಕೂಡಲೇ ಸಣ್ಣ ನೇರಳೆ ಬಣ್ಣದ ಪುಡಿ ಹಾರಿತು, ಹಿತವಾದ ವಾಸನೆ ಬಂತು. ಅರ್ಧ ಗಂಟೆ ಕಡೆದಿರಬಹುದು. ಸಂಜೆಗೆ ಎರಡೂ ಮುಂಗೈ ತುರಿಕೆ. ರಾತ್ರಿ ಕಣ್ಣು ಉರಿ, ಬಿಡದ ಸೀನು. ಮಾರನೇ ದಿನ ಮಣಿಕಟ್ಟಿನ ಸುತ್ತ ಬಳೆಯ ಹಾಗೆ ಕೆಂಪು ಗುಳ್ಳೆ ಎದ್ದಿದ್ದವು. ಬೀಟೆಯೊಳಗೆ ಕ್ವಿನೋನ್ ಜಾತಿಯ ಪದಾರ್ಥಗಳಿವೆ, ಅವು ಚರ್ಮಕ್ಕೂ ಉಸಿರಿಗೂ ಅಲರ್ಜಿ ಹಚ್ಚುತ್ತವೆ. ಮಂಚಕ್ಕೆ, ಬೀರುವಿಗೆ ಬೀಟೆಯಷ್ಟು ಚೆಂದದ ಮರ ಇಲ್ಲ. ಆದರೆ ಅರ್ಧ ಗಂಟೆಯ ಪುಡಿಗೆ ಕೈ ಹೀಗಾದರೆ, ಅದರೊಳಗೆ ಕೆಂಡ ಇಟ್ಟು ಎಳೆಯುವವರ ಗತಿ? ಆ ತುಂಡನ್ನು ತಿರುಗಿ ಅಟ್ಟಕ್ಕೆ ಹಾಕಿದೆ.

ನಮ್ಮ ಬೀದಿಯ ಆಚಾರ್ರಿಗೆ ಕೈ ತೋರಿಸಿದೆ. ಅವರ ಅಂಗಳದಲ್ಲಿ ಹತ್ತಾರು ತುಂಡುಗಳು ಬಿದ್ದಿದ್ದವು. "ಇದರಲ್ಲಿ ಯಾವುದು ಯಾವುದು ಹೇಳು ನೋಡೋಣ" ಅಂದರು. ನನಗೆ ಮೂರು ಗೊತ್ತಾದವು. ಅವರಿಗೂ ಎರಡರಲ್ಲಿ ಅನುಮಾನ ಇತ್ತು. "ಹಲಗೆ ಆದಮೇಲೆ ಎಲ್ಲಾ ಒಂದೇ ಥರ ಕಾಣ್ತವೆ ಕಣಪ್ಪಾ. ಎಲೆ ಇದ್ದಾಗ ನೋಡಿದ್ರೆ ಮಾತ್ರ ಇಂಥದ್ದೇ ಅಂತ ಗಟ್ಟಿಯಾಗಿ ಹೇಳಬಹುದು."

ಅವತ್ತೇ ತೀರ್ಮಾನ ಮಾಡಿದೆ. ನಿಂತ ಮರವನ್ನು ಕಣ್ಣಾರೆ ನೋಡಿರದ ಯಾವ ತುಂಡೂ ಈ ಕೆಲಸಕ್ಕೆ ಬೇಡ. ಸಾಮಿಲ್‌ನಲ್ಲಿ ಹೇಳುವ ಹೆಸರು ನಂಬಿ ಬಾಗಿಲು ಮಾಡಿಸಬಹುದು, ಬಾಯಿಗೆ ಇಡುವ ವಸ್ತು ಮಾಡಬಾರದು.

ಹಳೇ ಸಾಮಾನಿನ ಮರಗಳೆಲ್ಲ ಇದರಲ್ಲೇ ಲೆಕ್ಕದಿಂದ ಹೊರಬಿದ್ದವು. ಮಾವನ ಮನೆ ಹಿಂದೆ ಮುರಿದ ಗಾಡಿ ಚಕ್ರ ಇತ್ತು. ಅದರ ಗುಂಬ ಜಾಲಿ ಮರದ್ದು, ಕಬ್ಬಿಣದ ಹಾಗೆ ಗಟ್ಟಿ. ಆದರೆ ವರ್ಷಗಟ್ಟಲೆ ಕೀಲೆಣ್ಣೆ ಕುಡಿದ ಮರ ಅದು, ಒಳಗಿನವರೆಗೂ ಕಪ್ಪು. ಹಳೇ ಬಾಗಿಲ ಚೌಕಟ್ಟು ಸಿಕ್ಕಿತು. ಅದರ ಮೇಲೆ ನಾಲ್ಕು ಪದರ ಬಣ್ಣ. ಹಿಂದಿನ ಕಾಲದ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ತೊಲೆಗಳಿಗೆ ಗೆದ್ದಲು ಹತ್ತದಿರಲಿ ಅಂತ ಏನೇನೋ ಎಣ್ಣೆ ಹೊಡೆದಿರುತ್ತಾರೆ. ರೈಲ್ವೆ ಹಳಿಯ ಕೆಳಗಿನ ಹಳೇ ಮರದ ಸ್ಲೀಪರ್‌ಗಳಿಗೆ ಹಾಕುತ್ತಿದ್ದ ಕ್ರಿಯೋಸೋಟ್ ಟಾರಿನ ಜಾತಿಯದು, ಅದರ ಹತ್ತಿರಕ್ಕೂ ಹೋಗಬೇಡಿ. ಪ್ಲೈವುಡ್, ಎಂಡಿಎಫ್ ಅಂತೂ ಅಂಟಿನಲ್ಲೇ ನಿಂತಿರುವಂಥವು, ಕಾದರೆ ಫಾರ್ಮಾಲ್ಡಿಹೈಡ್ ಅನ್ನುವ ವಿಷದ ಅನಿಲ ಬಿಡುತ್ತವೆ.

ಇನ್ನೊಂದು, ಪ್ಯಾಕಿಂಗ್ ಕ್ರೇಟು. ವಸಂತನರಸಾಪುರ, ಅಂತರಸನಹಳ್ಳಿ ಕಡೆ ಫ್ಯಾಕ್ಟರಿಗಳಿಂದ ಬರುವ, ಸಾಮಾನು ಪೇರಿಸುವ ಪ್ಯಾಲೆಟ್ ಮರ ಅಗ್ಗಕ್ಕೆ ಸಿಗುತ್ತದೆ, ನಮ್ಮಲ್ಲಿ ಜಾಸ್ತಿ ಜನ ಅದರಲ್ಲೇ ಮರಗೆಲಸ ಕಲಿಯುತ್ತಾರೆ. ಹೊರದೇಶಕ್ಕೆ ಹೋಗಿಬರುವ ಪ್ಯಾಲೆಟ್ ಮೇಲೆ ಗೋಧಿ ತೆನೆಯ ಗುರುತಿನ ಮುದ್ರೆ ಇರುತ್ತದೆ. ಪಕ್ಕದಲ್ಲಿ ಇಂಗ್ಲಿಷಿನ ಎಚ್‌ಟಿ ಅಂತಿದ್ದರೆ ಹುಳ ಸಾಯಲು ಬಿಸಿ ಮಾಡಿದ್ದಾರೆ ಅಂತ ಅರ್ಥ. ಎಂಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಅನ್ನುವ ವಿಷದ ಅನಿಲ ಹಾಕಿದ್ದಾರೆ. ಎಚ್‌ಟಿ ಮರದಲ್ಲಿ ಸ್ಟೂಲು ಮಾಡಿ, ಶೆಲ್ಫ್ ಮಾಡಿ. ಪೈಪಿಗೆ ಅದೂ ಬೇಡ. ಅದರ ಮೇಲೆ ಯಾವ ಡ್ರಮ್ಮು ಸೋರಿತ್ತೋ ಯಾರಿಗೆ ಗೊತ್ತು?

ಹಾಗಾದರೆ ನಮ್ಮ ಸುತ್ತ ನಿಂತಿರುವ ಮರಗಳು ಯಾವುವು? ಒಂದು ಭಾನುವಾರ ಮಾವನ ಜೊತೆ ಬದುವಿನ ಮೇಲೆ ನಡೆದೆ.

ಕಣಗಿಲೆಯನ್ನು ಮೊದಲು ಹೇಳಬೇಕು, ಯಾಕೆಂದರೆ ಅದರ ಕಟ್ಟಿಗೆ ನೋಡೋಕೆ ಮೋಸ. ನೆಟ್ಟಗೆ, ಬೆಳ್ಳಗೆ, ನುಣ್ಣಗೆ ಇರುತ್ತದೆ, ಕಡೆಯೋಕೆ ಕೈ ತುರಿಸುತ್ತದೆ. ಹೆದ್ದಾರಿಯ ಡಿವೈಡರ್‌ನಲ್ಲಿ ಸವರಿ ಬಿಸಾಕಿರುತ್ತಾರೆ, ಯಾರು ಬೇಕಾದರೂ ಎತ್ತಿಕೊಂಡು ಬರಬಹುದು. ಆದರೆ ಎಲೆ, ಹೂ, ತೊಗಟೆ, ಕಟ್ಟಿಗೆ ಎಲ್ಲವೂ ವಿಷ. ಹೃದಯದ ಬಡಿತವನ್ನೇ ಕೆಡಿಸುವ ವಿಷ. ಸುಟ್ಟ ಹೊಗೆಯೂ ಆಗಲ್ಲ. ಹಳದಿ ಹೂವಿನ ಕಣಗಿಲೆಯೂ ಅಷ್ಟೇ.

ಹಣ್ಣಿನ ಮರ ಆದರೆ ಸಾಕು ಅಂತ ಕೆಲವರು ಹೇಳುತ್ತಾರೆ. ಅದೂ ಪೂರ್ತಿ ಸರಿಯಲ್ಲ. ಗೇರು ಹಣ್ಣಿನ ಮರವೇ, ಆದರೆ ಅದರ ಬೀಜದ ಸಿಪ್ಪೆಯ ಎಣ್ಣೆ ತಾಗಿದರೆ ಚರ್ಮ ಸುಲಿದು ಬರುತ್ತದೆ. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರು ಇನ್ನೂ ಜೋರು. ಮಾವೂ ಇದೇ ಕುಟುಂಬದ್ದು. ಮಾವಿನ ಸೊನೆ ತಾಗಿ ತುಟಿ ಹುಣ್ಣಾಗದ ಮಗು ನಮ್ಮ ಕಡೆ ಉಂಟೇ? ಮೂರನ್ನೂ ಬಿಟ್ಟೆ. ತೇಗದಲ್ಲೂ ಬೀಟೆಯ ಥರವೇ ತುರಿಕೆಯ ಗುಣ ಇದೆ. ಸಿಲ್ವರ್ ಓಕ್ ಪುಡಿಯೂ ಚರ್ಮಕ್ಕೆ ಆಗದು, ಅದು ಅಗ್ಗ ಅಂತ ಎಲ್ಲರೂ ಮೊದಲು ಅದಕ್ಕೇ ಕೈ ಹಾಕುತ್ತಾರೆ. ಬೇವು ಕಹಿ. ನೀಲಗಿರಿ ಒಣಗುವಾಗ ಸೀಳಿ ಚೂರಾಗುತ್ತದೆ.

ಉಳಿದದ್ದು ಹಲಸು, ಸೀಬೆ, ಹುಣಸೆ. ಮೂರರ ತುಂಡಿಗೂ ಒಂದೊಂದು ತೂತು ಕೊರೆದು, ಅಂಗಳದಲ್ಲಿ ಗಾಳಿಗೆ ಬೆನ್ನು ಕೊಟ್ಟು ಕೂತು, ಅತ್ತೆಯ ಒಲೆಯಿಂದ ಒಂದೊಂದು ಕೆಂಡ ತಂದು ಒಳಗಿಟ್ಟೆ. ನೋಡೋಕೆ ಇರಲಿ ಅಂತ ಕ್ರೇಟಿನ ಪೈನ್ ಮರದ್ದೂ ಒಂದು ಇಟ್ಟಿದ್ದೆ. ಪೈನ್ ಎರಡು ನಿಮಿಷಕ್ಕೆ ಬೆವರಿತು. ತೂತಿನ ಅಂಚಿನಲ್ಲಿ ಮೇಣದಂಥ ಅಂಟು ಗುಳ್ಳೆಗುಳ್ಳೆಯಾಗಿ ಬಂದು ಕುದಿಯಿತು, ಕಪ್ಪು ಹೊಗೆ. ಹಲಸು ಬೇಗ ಕೆಂಪಗಾಗಿ ಒಳಗೊಳಗೇ ತಿನ್ನಿಕೊಂಡು ಹೋಯಿತು. ಊದಿದರೆ ತೂತಿನ ಗೋಡೆಯೇ ಕೆಂಡ. ಸೀಬೆ ತಡೆಯಿತು, ಆದರೆ ಟಪ್ ಅಂತ ಒಂದು ಸೀಳು ಬಿಟ್ಟಿತು. ಅದು ಪೂರ್ತಿ ಒಣಗಿರಲಿಲ್ಲ, ತಪ್ಪು ಸೀಬೆಯದ್ದಲ್ಲ. ಹುಣಸೆಯ ಚೇಗಿನ, ಅಂದರೆ ಒಳಗಿನ ಗಟ್ಟಿ ಮರದ, ತುಂಡು ಮಾತ್ರ ಸುಮ್ನೆ ಕೂತಿತ್ತು. ಕೆಂಡ ಬೂದಿಯಾದ ಮೇಲೆ ಉಗುರಿನಲ್ಲಿ ಕೆರೆದು ನೋಡಿದೆ. ಕಾಗದದಷ್ಟು ತೆಳುವಾದ ಕಪ್ಪು, ಅದರ ಹಿಂದೆಯೇ ಗಟ್ಟಿ ಮರ.

ಈ ಪರೀಕ್ಷೆಯನ್ನು ಯಾರೂ ತಪ್ಪು ತಿಳಿಯಬಾರದು. ಕೆಂಡ ಇಟ್ಟು ನೋಡಿದರೆ ಮರ ಬೆಂಕಿಗೆ ತಡೆಯುತ್ತದೆಯೋ ಇಲ್ಲವೋ ಅಷ್ಟೇ ಗೊತ್ತಾಗುವುದು. ವಿಷ ಇದೆಯೋ ಇಲ್ಲವೋ ಗೊತ್ತಾಗಲ್ಲ. ಕಣಗಿಲೆಯ ಒಣ ತುಂಡೂ ಇದರಲ್ಲಿ ಪಾಸಾಗಬಹುದು. ಅದಕ್ಕೇ ಗುರುತು ಸಿಕ್ಕದ ಮರವನ್ನು ಕೆಂಡದವರೆಗೂ ತರಬಾರದು.

ಹುಣಸೆಗೆ ನನ್ನ ಸಾಕ್ಷಿ ಮಟನ್ ಅಂಗಡಿ. ಮಾಂಸ ಕಡಿಯುವ ಕೊರಡು ನಮ್ಮ ಕಡೆ ಹುಣಸೆಯದೇ. ದಿನವೂ ಕತ್ತಿ ಬಿದ್ದು, ಅದರ ಪುಡಿ ಒಂದಿಷ್ಟು ಮಾಂಸದ ಜೊತೆ ಎಷ್ಟು ತಲೆಮಾರಿನಿಂದ ನಮ್ಮ ಹೊಟ್ಟೆಗೆ ಹೋಗಿದೆಯೋ. ಹಣ್ಣು ಸಾರಿಗೆ, ಚಿಗುರು ಚಟ್ನಿಗೆ, ಬೀಜ ಹುರಿದು ತಿನ್ನೋಕೆ. ಮಾರ್ಚಿಯಲ್ಲಿ ತುಮಕೂರಿನ ಎಪಿಎಂಸಿ ಕಡೆ ಹೋದರೆ ಗಾಳಿಯೇ ಹುಳಿ. ಆಚಾರ್ರನ್ನೂ ಕೇಳಿದೆ, ಹುಣಸೆ ಕಡೆದು ಕೈ ತುರಿಸಿದ್ದು ಅವರ ಅನುಭವದಲ್ಲಿ ಇಲ್ಲ. ಆದರೂ ಮರದ ಪುಡಿ ಯಾವುದೇ ಆದರೂ ಮೂಗಿಗೆ ಹೋಗಬಾರದು. ಬೀಟೆಯ ಪಾಠ ಆದಮೇಲೆ ಮಾಸ್ಕ್ ಇಲ್ಲದೆ ಲೇತ್ ಹಾಕಿಲ್ಲ.

ಅಕ್ಟೋಬರ್ ಮಳೆಗೆ ಮಾವನ ಹೊಲದ ಬದುವಿನ ಹುಣಸೆಯ ದೊಡ್ಡ ಕೊಂಬೆ ಬಿದ್ದಿತ್ತು. ನನ್ನ ಸೊಂಟದಷ್ಟು ದಪ್ಪ. ಆ ಮರದ ಕೆಳಗೇ ನಾನು ಆಡಿ ಬೆಳೆದದ್ದು, ಅದರ ಗುರುತನ್ನು ಯಾರನ್ನೂ ಕೇಳಬೇಕಾಗಿರಲಿಲ್ಲ. ಕೊಯ್ದಾಗ ಹೊರಗೆಲ್ಲ ತಿಳಿ ಹಳದಿ, ನಡುವೆ ಮಾತ್ರ ಕಂದು ನೇರಳೆ ಬಣ್ಣದ ಚೇಗು. ಹಳದಿ ಭಾಗಕ್ಕೆ ಹುಳ ಬೇಗ ಹತ್ತುತ್ತದೆ. ಬೂಷ್ಟು ಹತ್ತಿದ, ನೀಲಿ ಗೆರೆ ಬಿದ್ದ ತುಂಡುಗಳನ್ನೂ ಪಕ್ಕಕ್ಕೆ ಹಾಕಿದೆ. ಚೇಗಿನಲ್ಲೂ ಮಧ್ಯದ ತಿರುಳು ಬರದ ಹಾಗೆ ಕೊಯ್ಯಬೇಕು. ತಿರುಳು ಒಳಗಿದ್ದರೆ ಒಣಗುವಾಗ ಅಲ್ಲಿಂದಲೇ ನಕ್ಷತ್ರದ ಹಾಗೆ ಬಿರಿಯುತ್ತದೆ. 52 ಮಿಲಿಮೀಟರ್ ಚೌಕ, 95 ಮಿಲಿಮೀಟರ್ ಉದ್ದದ ನಾಲ್ಕು ತುಂಡು ಸಿಕ್ಕವು.

ಬ್ರಯರ್‌ಗೆ ಮಾಡುವ ಹಾಗೆ ಕುದಿಸಿದೆ. ಹಳೇ ಅಲ್ಯೂಮಿನಿಯಂ ಪಾತ್ರೆ, ಸೌದೆ ಒಲೆ, ಬೆಳಿಗ್ಗೆಯಿಂದ ಸಂಜೆವರೆಗೆ. ಮೊದಲ ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಚೆಲ್ಲಿ ಹೊಸ ನೀರು ಹಾಕಿದೆ. ನಾಲ್ಕನೇ ನೀರು ತಿಳಿ ಚಹಾದಷ್ಟಾಯಿತು. ಮರದ ಒಗರೆಲ್ಲ ಬಾಯಿಗೆ ಬರುವ ಬದಲು ಪಾತ್ರೆಗೆ ಬರಲಿ ಅನ್ನುವುದೇ ಇದರ ಉದ್ದೇಶ.

ಆಮೇಲೆ ಒಣಗಿಸುವುದು. ಇಲ್ಲಿ ಒಂದು ತುಂಡು ಕಳೆದುಕೊಂಡೆ. ಬೇಗ ಆಗಲಿ ಅಂತ ತಾರಸಿಯ ಬಿಸಿಲಿಗೆ ಇಟ್ಟಿದ್ದೆ, ಮೂರನೇ ದಿನಕ್ಕೆ ಎರಡು ಬೆರಳಿನಷ್ಟು ಉದ್ದದ ಸೀಳು. ಉಳಿದ ಮೂರರ ಎರಡೂ ತುದಿಗೆ ಜೇನುಮೇಣ ಕರಗಿಸಿ ಹಚ್ಚಿ, ಪೇಪರಿನಲ್ಲಿ ಸುತ್ತಿ ಅಟ್ಟದಲ್ಲಿಟ್ಟೆ. ಮರ ಹೆಚ್ಚಾಗಿ ತುದಿಯಿಂದಲೇ ನೀರು ಬಿಡುತ್ತದೆ, ತುದಿ ಮುಚ್ಚಿದರೆ ಎಲ್ಲಾ ಕಡೆ ಸಮವಾಗಿ ಒಣಗುತ್ತದೆ. ಪ್ರತಿ ಭಾನುವಾರ ಅಡಿಗೆ ಮನೆಯ ತಕ್ಕಡಿಯಲ್ಲಿ ತೂಗಿ ಮರದ ಮೇಲೇ ಪೆನ್ಸಿಲ್ಲಿನಲ್ಲಿ ಬರೆದೆ. ಶುರುವಿನಲ್ಲಿ 302 ಗ್ರಾಂ. ಸಂಕ್ರಾಂತಿಗೆ 251. ಶಿವರಾತ್ರಿಗೆ 234. ಆಮೇಲೆ 232, 231, 231, 231. ಮೂರು ವಾರ ತೂಕ ಅಲ್ಲಾಡದೆ ಇದ್ದಾಗ ಒಣಗಿದೆ ಅಂತ ಒಪ್ಪಿಕೊಂಡೆ. ಹಸಿ ಮರದಲ್ಲಿ ಸೊಪ್ಪು ತುಂಬುವ ಬಟ್ಟಲು ಕೊರೆದರೆ ಮೊದಲ ಬಿಸಿಗೇ ಸೀಬೆಯ ತುಂಡಿನ ಗತಿ ಆಗುತ್ತದೆ.

ಕೊರೆಯುವ ಮೊದಲು ಎಳೆ ಯಾವ ಕಡೆ ಓಡಿದೆ ಅಂತ ನೋಡಬೇಕು. ಹಲಸಿನ ತುಂಡಿನಲ್ಲಿ ಒಂದು ಪೈಪು ಅಭ್ಯಾಸಕ್ಕೆ ಮಾಡಿದ್ದೆ. ಎಳೆಗಳು ಬಟ್ಟಲಿನ ಉದ್ದಕ್ಕೆ, ಮೇಲಿಂದ ಕೆಳಕ್ಕೆ ಓಡಿದ್ದವು. ಹಾಗಾದರೆ ಹೊಗೆ ಬರುವ ಕೊಳವೆಗೆ ಅಡ್ಡ ಎಳೆ ಬೀಳುತ್ತದೆ ಅಲ್ವಾ? ಬಾಯಿಗೆ ಇಡುವ ತುದಿ ಸಿಕ್ಕಿಸುವಾಗ ಬಿಸ್ಕತ್ತಿನ ಹಾಗೆ ಪಟಕ್ಕನೆ ಮುರಿಯಿತು. ಹುಣಸೆಯಲ್ಲಿ ಎಳೆಯನ್ನು ಕೊಳವೆಯ ಉದ್ದಕ್ಕೇ ಇಟ್ಟುಕೊಂಡೆ.

ತುಂಡು ಚೌಕವಾಗಿರುವಾಗಲೇ ಮೂರೂ ತೂತು ಮುಗಿಸಬೇಕು, ಗುಂಡಗೆ ಮಾಡಿದ ಮೇಲೆ ವೈಸಿನಲ್ಲಿ ನೆಟ್ಟಗೆ ಹಿಡಿಯೋಕೆ ಆಗಲ್ಲ. ಬಟ್ಟಲಿಗೆ 19 ಮಿಲಿಮೀಟರ್ ಚಪ್ಪಟೆ ಬಿಟ್, ಅದರ ಮೂಲೆಗಳನ್ನು ಗ್ರೈಂಡರಿನಲ್ಲಿ ಉಜ್ಜಿ ಉಗುರಿನ ಹಾಗೆ ದುಂಡಗೆ ಮಾಡಿಕೊಂಡೆ. ಆಳ 36. ಹೊಗೆ ಬರುವ ಸಣ್ಣ ತೂತು 4 ಮಿಲಿಮೀಟರ್, ಹಳೇ ಪೈಪಿನ ತುದಿ ಸಿಕ್ಕಿಸೋಕೆ 8. ಹುಣಸೆ ಚೇಗು ಬಿಟ್ಟನ್ನೇ ಸುಡುತ್ತದೆ. ನಿಧಾನಕ್ಕೆ ತಿರುಗಿಸಿ, ಎರಡು ಮಿಲಿಮೀಟರಿಗೊಮ್ಮೆ ಹೊರಗೆಳೆದು ಪುಡಿ ಊದಿ ಮತ್ತೆ ಇಳಿಸಬೇಕು. ಸಣ್ಣ ತೂತು ಬಟ್ಟಲಿನ ತಳಕ್ಕೆ ಸರಿಯಾಗಿ ಬಂದು ಸೇರಬೇಕಿತ್ತು, ನನ್ನದು ಒಂದೂವರೆ ಮಿಲಿಮೀಟರ್ ಮೇಲಕ್ಕೆ ಬಂತು. ಅಲ್ಲಿ ತಳದಲ್ಲಿ ಸ್ವಲ್ಪ ಸೊಪ್ಪು ಒದ್ದೆಯಾಗಿ ಉಳಿಯುತ್ತದೆ. ಬಟ್ಟಲಿನ ಗೋಡೆಯನ್ನು 11 ಮಿಲಿಮೀಟರ್ ದಪ್ಪಕ್ಕೇ ಬಿಟ್ಟೆ. ಬ್ರಯರ್ ಅಲ್ಲದ ಮರಕ್ಕೆ ಗೋಡೆ ದಪ್ಪ ಇದ್ದಷ್ಟೂ ಒಳ್ಳೇದು. ಹೊರಗಿನ ಆಕಾರ ಲೇತ್, ಅರ, ಸ್ಯಾಂಡ್ ಪೇಪರ್, ಎರಡು ಸಂಜೆ.

ಬಟ್ಟಲಿನ ಒಳಗೆ ಬಣ್ಣ, ವಾರ್ನಿಷ್, ಎಣ್ಣೆ ಏನೂ ಬೇಡ. ಬಿರುಕು ಬಿಟ್ಟರೆ ಸೂಪರ್ ಗ್ಲೂ ಕೂಡ ಬೇಡ, ಅದು ಬಿಸಿಗೆ ಕಣ್ಣು ಮೂಗು ಉರಿಸುವ ಹೊಗೆ ಬಿಡುತ್ತದೆ. ಪೈಪು ಮಾಡುವವರು ಒಂದು ಹದ ಬಳಸುತ್ತಾರೆ: ಇದ್ದಿಲಿನ ಪುಡಿ, ಮಜ್ಜಿಗೆ. ನಮ್ಮದು ತೆಂಗಿನ ಸೀಮೆ, ಚಿಪ್ಪಿಗೆ ಬರ ಇಲ್ಲ. ಚಿಪ್ಪು ಸುಟ್ಟು ಇದ್ದಿಲು ಮಾಡಿ, ಕುಟ್ಟಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದೆ. ಗಟ್ಟಿ ಮಜ್ಜಿಗೆಯಲ್ಲಿ ಕಲಸಿದರೆ ಕಾಡಿಗೆಯ ಹದ ಬರುತ್ತದೆ. ಸಣ್ಣ ತೂತಿಗೆ ಕಡ್ಡಿ ತೂರಿಸಿಟ್ಟು ಬೆರಳಿನಲ್ಲಿ ಒಳಗೆಲ್ಲ ತೆಳುವಾಗಿ ಸವರಿದೆ. ಒಂದು ದಿನ ಹುಳಿ ವಾಸನೆ ಇತ್ತು, ಮೂರು ದಿನಕ್ಕೆ ಒಣಗಿ ವಾಸನೆ ಹೋಯಿತು. ಸೇದುತ್ತಾ ಹೋದ ಹಾಗೆ ಮಸಿಯ ಪದರ ಕಟ್ಟಿಕೊಳ್ಳುವವರೆಗೆ ಮರವನ್ನು ಕಾಯುವುದು ಇದೇ. ಆ ಮಸಿ ಒಂದು, ಒಂದೂವರೆ ಮಿಲಿಮೀಟರ್ ಇರಬೇಕು. ಮಾವ ಹಳೇ ಪೈಪನ್ನು ಚಾಕುವಿನಲ್ಲಿ ಕೆರೆದು ಕೆರೆದು ಮಸಿಯೆಲ್ಲ ತೆಗೆದಿದ್ದರು. ತಳ ತೂತಾಗಿದ್ದು ಅದಕ್ಕೇ.

ಹೊರಗೆ ಜೇನುಮೇಣ ಉಜ್ಜಿ ಹೊಳಪು ಕೊಟ್ಟಿದ್ದೆ. ಅದು ತಪ್ಪಾಯಿತು. ಜೇನುಮೇಣ 62–64 ಡಿಗ್ರಿಗೆ ಕರಗುತ್ತದೆ, ಬಟ್ಟಲು ಬಿಸಿಯಾದಾಗ ಕೈಗೆ ಅಂಟಂಟು. ಪೈಪಿನವರು ಹಚ್ಚುವುದು ಕಾರ್ನೌಬಾ ಮೇಣ, ಅದು 80 ಡಿಗ್ರಿ ದಾಟಿದ ಮೇಲೆ ಕರಗುವಂಥದ್ದು. ಬಿಸಿ ಬಟ್ಟೆಯಲ್ಲಿ ಒರೆಸಿ ತೆಗೆದು ಬರೀ ಮರ ಬಿಟ್ಟೆ. ಹುಣಸೆ ಹಾಗೇ ಚೆಂದ.

ಯುಗಾದಿ ಮಾರನೇ ದಿನ ಮಾವನ ಕೈಗೆ ಕೊಟ್ಟೆ. ಮೊದಲ ವಾರ ಮೂರನೇ ಒಂದು ಭಾಗ ಮಾತ್ರ ತುಂಬಬೇಕು, ಜೋರಾಗಿ ಎಳೆಯಬಾರದು, ಒಂದು ಸಲ ಹಚ್ಚಿದರೆ ಮಾರನೇ ದಿನ ಪೈಪಿಗೆ ರಜ ಅಂತ ಹೇಳಿದೆ. ರಜದ ದಿನ ಅತ್ತೆ ಪೈಪನ್ನು ದೇವರ ಮನೆಯ ಮೇಲಿನ ಗೂಡಿಗೆ ಇಟ್ಟುಬಿಡುತ್ತಾರೆ, ಅವರ ಕೈಗೆ ಎಟುಕದ ಹಾಗೆ. ಹೀಗಾಗಿ ಈಗ ವಾರಕ್ಕೆ ಮೂರೇ ಸಲ. ಈ ಕೆಲಸದಲ್ಲಿ ನನಗೆ ತುಂಬಾ ಸಮಾಧಾನ ಕೊಟ್ಟದ್ದು ಇದು.

"ಮೊದಲೆರಡು ಸಲ ಒಗರು ಬಂತು ಅಳಿಯ, ಈಗಿಲ್ಲ" ಅಂದರು. ಹನ್ನೆರಡು ಸಲ ಆದಮೇಲೆ ಟಾರ್ಚ್ ಬಿಟ್ಟು ನೋಡಿದೆ. ಗೋಡೆಯಲ್ಲಿ ಸಮವಾಗಿ ಮಸಿ ಹಿಡಿದಿದೆ. ಬಟ್ಟಲಿನ ಬಾಯಿಯ ಅಂಚಿನಲ್ಲಿ ಮಾತ್ರ ಕೂದಲೆಳೆಯಷ್ಟು ಒಂದು ಗೆರೆ ಕಂಡಿತು, ಉಗುರಿಗೆ ಸಿಗುವುದಿಲ್ಲ. ಅದರ ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿದ್ದೇನೆ. ಗುರುತು ದಾಟಿ ಬೆಳೆದರೆ ಆ ಪೈಪು ಒಲೆಗೆ. ಅಟ್ಟದಲ್ಲಿ ಇನ್ನೂ ಎರಡು ಹುಣಸೆ ತುಂಡು ಇವೆ. ಪಕ್ಕದಲ್ಲಿ ಕುದಿಸಿ ಮೇಣ ಹಚ್ಚಿದ ಒಂದು ಸೀಬೆ ತುಂಡೂ ಇದೆ. ಹೋದ ಭಾನುವಾರ ತೂಗಿದಾಗ 214 ಗ್ರಾಂ. ಅದರ ಹಿಂದಿನ ವಾರ 219.